ಟ್ಯಾಂಕಿನ ಮುಚ್ಚಳಾ ಮತ್ತ ನಮ್ಮ ಮನಿ ಕ್ಯಾರಿಬ್ಯಾಗು

ಅಕ್ಕಾರ, ತಂಗೇರ, ಹೋದ ಸಲ ಹುರಕ್ಕಿ ಹೋಳಿಗಿ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿ ಚಲೋ ಆತು ಅಂದ್ರಿ. ಈ ಸಲ ಅಡಗಿ ಮನಿ ಬಿಟ್ಟು ಅಂಗಳಕ್ಕ ಬಂದೀನಿ. ಟ್ರ್ಯಾಕ್ಟರ್ ಬಗ್ಗೆ ಬರೀತೀನಿ ಅಂದ್ರ ನಮ್ಮ ನೆಗೆಣ್ಣಿ ನಕ್ಕಳು. "ನಿನಗ್ಯಾಕವಾ ಅದು, ಗಂಡಸರು ಅದಾರಲ್ಲ" ಅಂದ್ಲು. ಅದಾರ, ಖರೆ. ಆದ್ರ ಹೋದ ವರ್ಷ ಹಸ್ತ ಮಳ್ಯಾಗ ನಮ್ಮ ಮನ್ಯಾಗ ಆಗಿದ್ದು ಏನು ಅಂತ ಮೊದಲ ಕೇಳ್ರಿ. ಆಮ್ಯಾಲೆ ನೀವ ಹೇಳ್ರಿ, ನನಗ್ಯಾಕ ಅಂತ.

ನಮ್ಮದು ಸಣ್ಣ ಟ್ರ್ಯಾಕ್ಟರ್. 27 ಎಚ್‌ಪಿ, ಮೂರು ಸಿಲಿಂಡರ್. ಎತ್ತು ಮಾರಿದ ಮ್ಯಾಲೆ ಹಳೇದು ನೋಡಿ ತಗೊಂಡಿದ್ದು. ಎಂಟು ಎಕರೆ ಎರಿ ಹೊಲಕ್ಕ ಅಷ್ಟ ಸಾಕು. ಹೆಸರು ತಗದಾಗಿತ್ತು, ಹೊಲಾ ಹರಗಿ ಆಗಿತ್ತು, ಹಸ್ತ ಮಳಿ ಚಲೋ ಬಿದ್ದು ಹೊಳವಾಗಿತ್ತು. ಕಡ್ಲಿ ಬಿತ್ತಬೇಕು. ಎರಿ ಹೊಲದ ಹದ ನಿಮಗೆಲ್ಲ ಗೊತ್ತೈತಿ. ಜಾಸ್ತಿ ಹಸಿ ಇದ್ರ ಗಾಲಿ ಹುಗೀತಾವ, ಒಣಗಿದ್ರ ಬೀಜ ನಾಟಂಗಿಲ್ಲ. ನಡುವ ಸಿಗೋದು ನಾಕೈದು ದಿವ್ಸ. ಆ ನಾಕೈದು ದಿವ್ಸ ತಪ್ಪಿತಂದ್ರ ವರ್ಷದ ಲೆಕ್ಕಾನ ತಪ್ಪತೈತಿ.

ಮೊದಲನೇ ದಿವ್ಸ ಮುಂಜಾನೆ ಕೂರಗಿ ಹಚ್ಚಿಕೊಂಡು ಹೋದ್ರು. ಅರ್ಧ ತಾಸು ಚಲೋ ನಡೀತು. ಆಮ್ಯಾಲೆ ಎಂಜಿನ್ ಸಪ್ಪಳ ಸಣ್ಣಾಗಿ, ಬುಗ್ ಬುಗ್ ಅಂದು ನಿಂತಬಿಟ್ತು. ನಮ್ಮ ಮನಿಯವರು ಇಳದು, ಟ್ಯಾಂಕಿನ ಮುಚ್ಚಳಾ ತಗದು, ಕಟಗಿ ಹಾಕಿ ನೋಡಿದ್ರು. ಡೀಸೆಲ್ ಐತಿ. ಮುಚ್ಚಳಾ ಹಾಕಿ ಸೆಲ್ಫ್ ಹೊಡದ್ರು, ಒಂದೆರಡು ಸಲ ತಡವರಿಸಿ ಚಾಲೂ ಆತು. ಮತ್ತ ಅರ್ಧ ತಾಸಿಗೆ ನಿಂತು. ಮತ್ತ ಇಳಿಯೋದು, ಮುಚ್ಚಳಾ ತಗಿಯೋದು, ಕಟಗಿ ಹಾಕೋದು, "ಐತಲ್ಲಲೇ ಡೀಸೆಲ್ಲು" ಅನ್ನೋದು, ಮತ್ತ ಚಾಲೂ. ಹಿಂಗ ಐದಾರು ಸಲ ಆತಂತ. ಸಂಜಿಕೆ ಮನಿಗೆ ಬರೂದ್ರಾಗ ಮೂರು ಎಕರೆ ಆಗಿತ್ತು, ಅವರ ಮಾರಿ ಸಣ್ಣಾಗಿತ್ತು.

ರಾತ್ರಿ ಕಟ್ಟಿ ಮ್ಯಾಲೆ ಪಂಚಾಯ್ತಿ ಕೂಡ್ತು. ಚಾ ಕೊಡಾಕ ಹೋದಾಗೆಲ್ಲ ನನ್ನ ಕಿವಿಗೆ ಬಿದ್ದದ್ದು ಒಂದ ಮಾತು: "ಪಂಪ್ ಹೋಗೈತಿ." ಒಬ್ಬರು ಅಂದ್ರ ಇನ್ನೊಬ್ಬರು ಹೌದು ಅಂತಾರ. ಮರುದಿನ ಮಿಸ್ತ್ರಿ ಬಂದ, ಡೀಸೆಲ್ ಪಂಪ್ ಬಿಚ್ಚಿಕೊಂಡು ಶಹರಕ್ಕ ಹೋದ. ಪಂಪ್ ರಿಪೇರಿ ಅಂಗಡ್ಯಾಗ ಪಾಳಿ ಅಂತ ಮೂರು ದಿವ್ಸ. ಬಿಲ್ಲು 9,400 ರೂಪಾಯಿ. ತಂದು ಕೂಡ್ರಿಸಿ, ಅಂಗಳದಾಗ ಹತ್ತು ನಿಮಿಷ ಚಾಲೂ ಮಾಡಿ ತೋರಿಸಿದ. ಚಲೋ ಓಡಿತು. ರೊಕ್ಕ ಎಣಿಸಿಕೊಂಡು ಹೋದ. ಮರುದಿನ ಹೊಲಕ್ಕ ಹೋತು, ಅರ್ಧ ತಾಸಿಗೆ ನಿಂತು.

ನಾ ಆವತ್ತು ಬುತ್ತಿ ಒಯ್ದಿದ್ದೆ. ಬದುವಿನ ಮ್ಯಾಲೆ ಕುಂತು ರೊಟ್ಟಿ ಬಿಚ್ಚಬೇಕು ಅನ್ನೋದ್ರಾಗ ಟ್ರ್ಯಾಕ್ಟರ್ ನಮ್ಮ ಮುಂದ ಬಂದು ನಿಂತು. ಇನ್ನ ನೋಜಲ್ ಹೋಗಿರಬೇಕು ಅಂತ ಇವರು ಮೈದುನನ ಕೂಡ ಮಾತಾಡಿಕೋತ, ರೂಢಿ ಪ್ರಕಾರ ಟ್ಯಾಂಕಿನ ಮುಚ್ಚಳಾ ತಿರುವಿದ್ರು. ಆವಾಗ ನನಗ "ಸುಂಯ್" ಅಂತ ಕೇಳಸ್ತು. ಕುಕ್ಕರ್ ಸೀಟಿ ಎತ್ತಿದಾಗ ಹೊರಗ ಬರೋ ಉಸಿರಲ್ಲ ಅದು. ಒಳಗ ಎಳಕೊಳ್ಳೋ ಉಸಿರು. ಮುಚ್ಚಳದ ಕೆಳಗ ಹಾಕಿದ್ದ ಪ್ಲಾಸ್ಟಿಕ್ ಟ್ಯಾಂಕಿನ ಬಾಯಾಗ ಕುಣಿ ಬಿದ್ದಂಗ ಒಳಗ ಹೋಗಿತ್ತು.

"ಈ ಪ್ಲಾಸ್ಟಿಕ್ ತಗದು ಹೊಡೀರಲ್ಲ ಒಂದ್ಸಲ" ಅಂದೆ. ಯಾರೂ ಕಿವಿಗೊಡಲಿಲ್ಲ. ಎರಡನೇ ಸಲ ನಾನ ಹೋಗಿ ಕಿತ್ತು ಒಗದೆ. ಟ್ರ್ಯಾಕ್ಟರ್ ಕತ್ತಲಾಗೋ ತನಕ ನಿಲ್ಲಲಿಲ್ಲ.

ಈಗ ನನ್ನ ತಪ್ಪು ಹೇಳ್ತೀನಿ. ಆ ಪ್ಲಾಸ್ಟಿಕ್ ಕೊಟ್ಟಾಕಿನೂ ನಾನ. ಶ್ರಾವಣದಾಗ ಮುಚ್ಚಳದ ರಬ್ಬರ್ ವೈಸರ್ ಹರದಿತ್ತು, ಮಳಿ ನೀರು ಹೋಗತೈತಿ ಅಂತ ಇವರು ಒಂದು ಪ್ಲಾಸ್ಟಿಕ್ ತುಂಡು ಕೇಳಿದ್ರು. ಸೀರಿ ಅಂಗಡಿಯ ದಪ್ಪನ ಕ್ಯಾರಿಬ್ಯಾಗ್ ಕತ್ತರಿಸಿ, ಎರಡು ಮಡಿಕಿ ಮಾಡಿ ಕೊಟ್ಟೆ. ಅವರು ಅದನ್ನ ಬಾಯಿಗೆ ಹೊದಿಸಿ ಮ್ಯಾಲೆ ಮುಚ್ಚಳಾ ಬಿಗಿದ್ರು. ಶ್ರಾವಣ, ಭಾದ್ರಪದದಾಗ ಟ್ರ್ಯಾಕ್ಟರಿಗೆ ಅಷ್ಟೇನು ಕೆಲಸ ಇರಲಿಲ್ಲ, ಹತ್ತು ಹದಿನೈದು ನಿಮಿಷ ಓಡಿಸಿ ನಿಂದ್ರಿಸೋದು, ಹಂಗಾಗಿ ತ್ರಾಸು ಕಾಣಲಿಲ್ಲ.

ಮುಚ್ಚಳಕ್ಕ ಒಂದು ಸಣ್ಣ ತೂತು ಇರತೈತಿ, ಗಾಳಿ ಒಳಗ ಹೋಗಾಕ. ಡೀಸೆಲ್ ಎಷ್ಟು ಖಾಲಿ ಆಗತೈತೋ ಅಷ್ಟು ಜಾಗಾಕ್ಕ ಗಾಳಿ ಬರಬೇಕು. ಬರಲಿಲ್ಲ ಅಂದ್ರ ಟ್ಯಾಂಕು ಡೀಸೆಲ್ ಬಿಡಂಗಿಲ್ಲ, ಜಗ್ಗಿ ಹಿಡಕೋತೈತಿ. ಇದು ನಮಗ ಹೊಸಾದೇನ್ರಿ? ಹದಿನೈದು ಕಿಲೋ ಕುಸಬಿ ಎಣ್ಣಿ ಡಬ್ಬಿಗೆ ನಮ್ಮ ಅತ್ತಿ ಯಾವತ್ತೂ ಎರಡು ತೂತು ಹೊಡೀತಿದ್ರು, ಒಂದು ಎಣ್ಣಿ ಬರಾಕ, ಒಂದು ಗಾಳಿ ಹೋಗಾಕ. ಒಂದ ತೂತು ಹೊಡದ್ರ ಎಣ್ಣಿ ಗಳಗಳ ಅಂದು ನಿಂತು ನಿಂತು ಬೀಳತೈತಿ, ಆಮ್ಯಾಲೆ ಬೀಳೂದನ ಇಲ್ಲ. ಆರು ವರ್ಷದ ಮೊಮ್ಮಗಳಿಗೂ ಗೊತ್ತಿರೋ ಮಾತು. ಗಂಡಸರು ಪ್ರತಿ ಸಲ ಮುಚ್ಚಳಾ ತಗದು ಡೀಸೆಲ್ ನೋಡ್ತಿದ್ರಲ್ಲ, ಆ ತಗಿಯೋದ ಔಷಧ ಆಗಿತ್ತು. ಗಾಳಿ ಒಳಗ ಹೋಗಿ ಮತ್ತ ಅರ್ಧ ತಾಸಿನ ಉಸಿರು ಸಿಗತಿತ್ತು. ಔಷಧ ತಾವ ಕೊಡಾಕತ್ತಿದ್ರು, ರೋಗ ಮಾತ್ರ ಪಂಪಿನ್ಯಾಗ ಹುಡುಕಾಕತ್ತಿದ್ರು.

ಹೊಲದಾಗ ಉಳದ ಐದು ಎಕರೆ ಬಿತ್ತೂದ್ರಾಗ ಮ್ಯಾಲಿನ ಹಸಿ ಹಾರಿತ್ತು. ಅಲ್ಲಿ ಕಡ್ಲಿ ತೆಳ್ಳಗ ಬಂತು. ಮೊದಲಿನ ಮೂರು ಎಕರೆಗೂ ಆ ಐದು ಎಕರೆಗೂ ನಡುವ ಗೆರಿ ಎಳದಂಗ ಕಾಣತಿತ್ತು, ಸುಗ್ಗಿ ಮುಗಿಯೋ ತನಕ ದಿನಾ ನೋಡಿದ್ವಿ. ಅದರ ಮ್ಯಾಲೆ ಆ 9,400.

ನಾ ಹೇಳೋದು ಇಷ್ಟ. ಡೀಸೆಲ್ ಹೋಗೋ ದಾರಿ ಟ್ಯಾಂಕಿನಿಂದ ಶುರು ಆಗತೈತಿ, ಹಂಗಾಗಿ ನೋಡೋದೂ ಅಲ್ಲಿಂದನ ಶುರು ಆಗಬೇಕು. ಪಂಪು, ನೋಜಲ್ ಎಲ್ಲಾ ಕಡೀಕ. ಮತ್ತ ಟ್ಯಾಂಕಿನಿಂದ ಫಿಲ್ಟರ್ ತನಕದ ಅರ್ಧ ದಾರಿ ನೋಡೋದು ಮನಿ ಹೆಣ್ಮಕ್ಕಳಿಗೆ ಬರಬೇಕು. ಹೆಣ್ಮಕ್ಕಳು ಟ್ರ್ಯಾಕ್ಟರ್ ಹೊಡೀಬೇಕು ಅಂತ ನಾ ಹೇಳಾಕತ್ತಿಲ್ಲ, ಹೊಡಿಯಾವ್ರು ಹೊಡೀಲಿ, ಭಾಳ ಸಂತೋಷ. ಆ ಅರ್ಧ ದಾರಿ ಬರೇ ಸೋಸೋದು, ತಿಳಿ ಮಾಡೋದು, ಗಾಳಿ ತಗಿಯೋದು. ಅದು ನಮ್ಮ ದಿನದ ಕೆಲಸ. ನಮಗ ಬರತೈತಿ, ಬರತೈತಿ ಅನ್ನೋದು ಗೊತ್ತಿಲ್ಲ ಅಷ್ಟ.

ದಾರಿ ಹೆಂಗೈತಿ ಅಂತ ಒಂದ್ಸಲ ಹೇಳ್ತೀನಿ. ಟ್ಯಾಂಕಿನ ತಳದಾಗ ಒಂದು ನಳ ಇರತೈತಿ, ಅಲ್ಲಿಂದ ಪೈಪು. ನಮ್ಮ ಟ್ರ್ಯಾಕ್ಟರಿನ್ಯಾಗ ನಡುವ ಒಂದು ಸಣ್ಣ ಪಂಪು ಐತಿ, ಕೈಲೆ ಒತ್ತೋ ಗುಂಡಿ ಇದ್ದದ್ದು. ಅದು ಡೀಸೆಲ್ ಜಗ್ಗಿ ಫಿಲ್ಟರಿಗೆ ನೂಕತೈತಿ. ಕೆಲವು ಟ್ರ್ಯಾಕ್ಟರಿನ್ಯಾಗ ಟ್ಯಾಂಕು ಎತ್ತರದಾಗ ಇರೋದ್ರಿಂದ ತಾನಾಗೇ ಇಳದು ಬರತೈತಿ. ಫಿಲ್ಟರ್ ಒಂದೋ ಎರಡೋ ಇರತಾವ. ಫಿಲ್ಟರ್ ದಾಟಿ ದೊಡ್ಡ ಪಂಪು. ಅದು ಭಾಳ ಜೋರಿಲೆ ಡೀಸೆಲ್ ಒತ್ತಿ, ಉಕ್ಕಿನ ಸಣ್ಣ ಪೈಪಿನಿಂದ ನೋಜಲ್‌ಗೆ ಕಳಸತೈತಿ. ನೋಜಲ್ ಅದನ್ನ ಮಂಜಿನಂಗ ಸಿಲಿಂಡರಿನ್ಯಾಗ ಊದತೈತಿ. ಪೆಟ್ರೋಲ್ ಗಾಡಿಗತೆ ಇಲ್ಲಿ ಕಿಡಿ ಹಾರಿಸೋ ಪ್ಲಗ್ ಇಲ್ಲ. ಗಾಳಿ ಒತ್ತಿ ಒತ್ತಿ ಕಾದಿರತೈತಿ, ಆ ಕಾವಿಗೆ ಡೀಸೆಲ್ ತಾನ ಹತ್ತತೈತಿ. ಹಂಗಾಗಿ ಕಸಾ ಇಲ್ಲದ, ನೀರು ಇಲ್ಲದ, ಗಾಳಿ ಗುಳ್ಳಿ ಇಲ್ಲದ ಡೀಸೆಲ್ ಬೇಕ ಬೇಕು.

ನಿಂತ ಟ್ರ್ಯಾಕ್ಟರ್ ಮುಂದ ಹೋದಕೂಡ್ಲೆ ಪಾನಾ ಹಿಡೀಬ್ಯಾಡ್ರಿ. ಎಂಜಿನ್ ಬಂದ್ ಮಾಡಾಕ ಎಳಿಯೋ ಗುಂಡಿ ಐತಲ್ಲ, ಅದು ಪೂರಾ ಒಳಗ ಹೋಗೈತೋ ಇಲ್ಲೋ ನೋಡ್ರಿ. ನಗಬ್ಯಾಡ್ರಿ. ಅದು ಅರ್ಧಾ ಹೊರಗ ಉಳದು, ಮುಂಜಾನಿಂದ ಸೆಲ್ಫ್ ಹೊಡದು ಬ್ಯಾಟರಿ ಇಳಿಸಿದವರು ನಮ್ಮ ಓಣ್ಯಾಗ ಅದಾರ, ಹೆಸರು ಹೇಳಿದ್ರ ಮನಿ ಮುಂದ ಬರ್ತಾರ. ಆಮ್ಯಾಲೆ ಒಬ್ಬರು ಸೆಲ್ಫ್ ಹೊಡ್ಯಾಗ ನೀವು ಸೈಲೆನ್ಸರ್ ಕಡೆ ನೋಡ್ರಿ. ಬಿಳಿ ಹೊಗಿ ಒಂಚೂರರ ಬಂದ್ರ ಡೀಸೆಲ್ ಒಳಗ ಮುಟ್ಟಾಕತ್ತೈತಿ. ಹೊಗಿನ ಇಲ್ಲ ಅಂದ್ರ ಮುಟ್ಟಿಲ್ಲ, ದಾರ್ಯಾಗ ಎಲ್ಲೋ ನಿಂತೈತಿ. ಇದಕ್ಕ ಯಾವ ಸಾಮಾನೂ ಬ್ಯಾಡ, ಕಣ್ಣಿದ್ರ ಸಾಕು. ಮಿಸ್ತ್ರಿಗೆ ಫೋನ್ ಮಾಡಿದಾಗ ಈ ಒಂದು ಮಾತು ಹೇಳಿ ನೋಡ್ರಿ, ಅವನ ದನಿನ ಬದಲಾಗತೈತಿ.

ಮುಚ್ಚಳದ ಕತಿ ಹೇಳಿದೆ. ಅದರದ ಬೀಗತಿ ಇನ್ನೊಂದು ಅದಾಳ. ಟ್ಯಾಂಕಿನ ತಳದಾಗ ಬಿದ್ದ ಎಲಿ ಚೂರು, ಅರಿವಿ ಎಳಿ, ತುಕ್ಕಿನ ಹಕ್ಕಳಿ. ಎಂಜಿನ್ ನಡದಾಗ ಡೀಸೆಲ್ ಕೂಡ ಜಗ್ಗಿ ಬಂದು ನಳದ ಬಾಯಿಗೆ ಕೂಡತೈತಿ, ಎಂಜಿನ್ ನಿಂತ ಮ್ಯಾಲೆ ಸಾವಕಾಶ ಬಿಟ್ಟು ಹೋಗತೈತಿ. ಇದೂ ಹಂಗ, ಓಡಿ ನಿಲ್ಲತೈತಿ, ಚಾ ಕುಡದು ಬರೂದ್ರಾಗ ಮತ್ತ ಚಾಲೂ ಆಗತೈತಿ. ಎರಡರ ಫರಕು ಹೆಂಗ ತಿಳಿಬೇಕಂದ್ರ, ಮುಚ್ಚಳಾ ಸಡ್ಲ ಬಿಟ್ಟು ಓಡಿಸಿ ನೋಡೋದು. ನಿಲ್ಲಲಿಲ್ಲ ಅಂದ್ರ ಮುಚ್ಚಳದ್ದು. ಹಂಗೂ ನಿಂತ್ರ ಎಂಜಿನ್ ಬಂದ್ ಮಾಡಿ, ನಳ ಮುಚ್ಚಿ, ಪೈಪು ಬಿಚ್ಚಿ, ಕೆಳಗ ಪಾರದರ್ಶಕ ಬಾಟ್ಲಿ ಹಿಡದು ನಳ ತಗೀರಿ. ಧಾರಿ ಒಂದ ಸಮನ ಬರಬೇಕು. ಮೊದಲ ಜೋರಾಗಿ ಬಂದು ಆಮ್ಯಾಲೆ ದಾರದಂಗ ಸಣ್ಣಾತು ಅಂದ್ರ ಟ್ಯಾಂಕು ತೊಳಿಯೋ ಕಾಲ ಬಂತು ಅಂತ.

ಆ ಬಾಟ್ಲಿ ಡೀಸೆಲ್ ಚೆಲ್ಲಬ್ಯಾಡ್ರಿ. ಮಕ್ಕಳ ಕೈಗೆ ಸಿಗದಂತಲ್ಲಿ ಒಂದು ರಾತ್ರಿ ಇಟ್ಟು ಮುಂಜಾನೆ ನೋಡ್ರಿ. ನೀರು ಡೀಸೆಲ್‌ಗಿಂತ ಭಾರ, ತಳಕ್ಕ ಕೂಡತೈತಿ. ನಡುವ ಗೆರಿ ಎದ್ದು ಕಾಣತೈತಿ. ನಮ್ಮ ಬಾಟ್ಲ್ಯಾಗ ಎರಡು ಬೆರಳು ನೀರಿತ್ತು ಅಂದ್ರ ನಂಬತೀರೇನು? ಮಳಿಗಾಲದಾಗ ಅರ್ಧಾ ಖಾಲಿ ಟ್ಯಾಂಕು ಬಿಟ್ರ, ರಾತ್ರಿ ತಂಪಿಗೆ ಒಳಗಿನ ಗಾಳ್ಯಾಗಿನ ತೇವ ಗ್ವಾಡಿಗೆ ಬೆವರಿನಂಗ ಕೂತು ಇಳೀತೈತಿ. ಚರಿಗಿಯೊಳಗ ತಣ್ಣೀರು ಇಟ್ರ ಹೊರಗ ಹನಿ ಕೂಡತಾವಲ್ಲ, ಹಂಗ. ಅದಕ್ಕ ಕೆಲಸ ಮುಗಿಸಿ ಬಂದ ಮ್ಯಾಲೆ ರಾತ್ರೀನ ಟ್ಯಾಂಕು ತುಂಬಿ ಇಡೋದು ಚಲೋ, ಮುಂಜಾನೆ ಹೊರಡು ಮುಂದ ಅಲ್ಲ. ಫಿಲ್ಟರಿನ ತಳದಾಗ ನೀರು ಬಿಡಾಕ ಒಂದು ಸ್ಕ್ರೂ ಇರತೈತಿ. ಮುಂಜಾನೆ ಟ್ರ್ಯಾಕ್ಟರ್ ಅಲಗಾಡಸೋಕಿಂತ ಮೊದಲ ಅದನ್ನ ಸಡ್ಲ ಮಾಡಿದ್ರ ತಳದ ನೀರು ಇಳದು ಹೋಗತೈತಿ. ತುಪ್ಪ ಕಾಸಿ ಬಗ್ಗಿಸು ಮುಂದ ತಳದ ಚರಟಾ ಅಲಗಾಡಬಾರದು ಅಂತ ಪಾತೇಲಿ ಸಾವಕಾಶ ಎತ್ತತೀವಿ. ಅದ ಹದ ಇಲ್ಲೂ.

ನೀರು ನಿಂತ ಡೀಸೆಲ್‌ನ್ಯಾಗ ಇನ್ನೊಂದು ಆಗತೈತಿ. ನೀರು, ಡೀಸೆಲ್ ಕೂಡೋ ಜಾಗಾದಾಗ ಕಣ್ಣಿಗೆ ಕಾಣದ ಜೀವಾಣು ಬೆಳದು ಕರೀ ಲೋಳಿ ಆಗತೈತಿ, ಅದು ಫಿಲ್ಟರ್ ಕಟ್ಟತೈತಿ. ಮಾವಿನ ಉಪ್ಪಿನಕಾಯಿ ಭರಣಿಗೆ ಹಸಿ ಚಮಚಾ ಹಾಕಿದ್ರ ಏನಾಗತೈತಿ ಅಂತ ನಿಮಗ ನಾ ಹೇಳಬೇಕಾ?

ಫಿಲ್ಟರ್ ಬಗ್ಗೆ ಒಂದು ಜಗಳ ಐತಿ ನಂದು. ಗಂಡಸರು ಅದನ್ನ ಬದಲಿ ಮಾಡೋದು ಟ್ರ್ಯಾಕ್ಟರ್ ನಿಂತ ಮ್ಯಾಲೆ. ಬಿಚ್ಚಿ, ಝಾಡಿಸಿ, ಡೀಸೆಲ್‌ನ್ಯಾಗ ಅದ್ದಿ ಮತ್ತ ಹಾಕೋದೂ ನೋಡೀನಿ. ಕಾಗದದ ಫಿಲ್ಟರ್ ಅದು, ತೊಳದ್ರ ಸ್ವಚ್ಛ ಆಗಂಗಿಲ್ಲ, ಹರದ್ರ ಕಸಾ ಸೀದಾ ದೊಡ್ಡ ಪಂಪಿಗೆ ಹೋಗತೈತಿ. ಕೆಲವು ನೂರು ರೂಪಾಯಿ ಉಳಿಸಾಕ ಹೋಗಿ ಸಾವಿರಗಟ್ಟಲೆ ಪಂಪು ಕೆಡಿಸೋದು. ಹಳೇ ರಬ್ಬರ್ ರಿಂಗನ್ನ ಮತ್ತ ಹಾಕ್ತಾರ. ಕುಕ್ಕರಿನ ಹಳೇ ಗ್ಯಾಸ್ಕೆಟ್ ಹಾಕಿದ್ರ ಹಬಿ ಹೊರಗ ಬರತೈತಲ್ಲ, ಇಲ್ಲಿ ಅದ ಸಂದಿಯಿಂದ ಗಾಳಿ ಒಳಗ ಹೋಗತೈತಿ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ನಾವೆಲ್ಲ ಕ್ಯಾಲೆಂಡರ್ ಮ್ಯಾಲೆ ಬರೀತೀವಿ. ಟ್ರ್ಯಾಕ್ಟರಿನ್ಯಾಗ ಎಷ್ಟು ತಾಸು ಓಡೈತಿ ಅಂತ ತೋರಿಸೋ ಮೀಟರ್ ಇರತೈತಿ. ಫಿಲ್ಟರ್ ಹಾಕಿದಾಗ ಆ ಆಕಡಾ ಈಗ ನಾ ಅದ ಕ್ಯಾಲೆಂಡರ್ ಮ್ಯಾಲೆ, ಹಾಲಿನ ಲೆಕ್ಕದ ಕೆಳಗ ಬರದಿಡ್ತೀನಿ. ಟ್ರ್ಯಾಕ್ಟರ್ ಪುಸ್ತಕದಾಗ ಎಷ್ಟು ತಾಸಿಗೆ ಬದಲಿ ಅಂತ ಬರದಿರತೈತಿ. ನಮ್ಮ ಪುಸ್ತಕ ಹತ್ತು ವರ್ಷ ದೇವರ ಜಗಲಿ ಮ್ಯಾಲೆ ಇತ್ತು, ಕುಂಕುಮ ಹಚ್ಚಿಸಿಕೊಂಡು. ಓದಿದವರಿಲ್ಲ.

ಇನ್ನ ಏರ್ ಹಿಡಿಯೋದು. ಡೀಸೆಲ್ ಪೂರಾ ಖಾಲಿ ಆಗೋ ತನಕ ಓಡಿಸಿದ್ರ, ಇಲ್ಲ ಫಿಲ್ಟರ್ ಬಿಚ್ಚಿ ಹಾಕಿದ್ರ, ದಾರ್ಯಾಗ ಗಾಳಿ ಕೂಡತೈತಿ. ಆಮ್ಯಾಲೆ ಎಷ್ಟು ಡೀಸೆಲ್ ಹಾಕಿದ್ರೂ ಚಾಲೂ ಆಗಂಗಿಲ್ಲ. ಸಿಂಟೆಕ್ಸ್ ಖಾಲಿ ಆಗಿ ಮತ್ತ ತುಂಬಿದಾಗ ನಳ ಕೆಮ್ಮಿ ಕೆಮ್ಮಿ ಉಗಳತೈತಲ್ಲ, ಒಮ್ಮೊಮ್ಮೆ ನೀರ ಬರಂಗಿಲ್ಲ, ಅದ ರೋಗ ಇದು. ಆದ್ರ ಇಲ್ಲಿ ಭಾಳ ಹಟಮಾರಿ. ಡೀಸೆಲ್ ಒತ್ತಿದ್ರ ಕುಗ್ಗಂಗಿಲ್ಲ, ಗಾಳಿ ಕುಗ್ಗತೈತಿ. ಪಂಪು ಎಷ್ಟು ಒತ್ತಿದ್ರೂ ಗುಳ್ಳಿ ಕುಗ್ಗಿ ಹಿಗ್ಗಿ ಆಟಾ ಆಡತೈತಿ, ನೋಜಲ್ ಬಾಯಿ ಬಿಡಂಗಿಲ್ಲ. ಫಿಲ್ಟರ್ ಮ್ಯಾಲೆ ಏರ್ ಬಿಡೋ ಸ್ಕ್ರೂ ಇರತೈತಿ. ಅದನ್ನ ಎರಡು ಸುತ್ತು ಸಡ್ಲ ಮಾಡಿ, ಕೈ ಪಂಪ್ ಒತ್ತತಾ ಹೋದ್ರ ಮೊದಲ ನೊರಿ ಬರತೈತಿ. ನೊರಿ ನಿಂತು ತಿಳಿ ಡೀಸೆಲ್ ಬಂದಾಗ, ಒತ್ತುಗೋತನ ಸ್ಕ್ರೂ ಬಿಗೀಬೇಕು. ಕೆಳಗ ಡಬ್ಬಿ ಹಿಡೀರಿ, ಅಂಗಳ ಹೊಲಸು ಮಾಡಬ್ಯಾಡ್ರಿ. ದವಾಖಾನ್ಯಾಗ ಸಿಸ್ಟರು ಸಲೈನ್ ಹಚ್ಚೋಕಿಂತ ಮೊದಲ ನಳಿಗಿಯೊಳಗಿನ ಗುಳ್ಳಿ ಬಿಡ್ತಾರಲ್ಲ, ಥೇಟ್ ಹಂಗ. ಎರಡು ಮಂದಿ ಇದ್ರ ಐದು ನಿಮಿಷದ ಕೆಲಸ.

ಏರ್ ತಗದ ಮ್ಯಾಲೂ ದಿನಾ ದಿನಾ ಏರ್ ಹಿಡಿಯಾಕತ್ತಿದ್ರ ಎಲ್ಲೋ ಸೀಳು ಐತಿ. ಇಲ್ಲೆ ಎಲ್ಲಾರೂ ಮೋಸ ಹೋಗ್ತಾರ. "ಡೀಸೆಲ್ ಎಲ್ಲೂ ಸೋರಿಲ್ಲಲ್ಲ" ಅಂತಾರ. ಪಂಪು ಜಗ್ಗೋ ಕಡಿ ಪೈಪಿನ್ಯಾಗ ಸೀಳಿದ್ರ ಡೀಸೆಲ್ ಹೊರಗ ಸೋರದನ ಗಾಳಿ ಒಳಗ ಎಳಕೋತೈತಿ. ಎಳನೀರಿನ ಸ್ಟ್ರಾ ಮ್ಯಾಲೆ ಸೀಳಿದ್ರ ಎಷ್ಟು ಜಗ್ಗಿದ್ರೂ ಬರೇ ಗಾಳಿ ಬಾಯಿಗೆ ಬರತೈತಿ, ಸ್ಟ್ರಾದಿಂದ ಹನಿ ನೀರು ಸೋರಿರಂಗಿಲ್ಲ.

ಇದಕ್ಕ ಮುಂದಿನದು, ದೊಡ್ಡ ಪಂಪು ಮತ್ತ ನೋಜಲ್, ನಾನು ಮುಟ್ಟಂಗಿಲ್ಲ, ನೀವೂ ಮುಟ್ಟಬ್ಯಾಡ್ರಿ. ಅಲ್ಲಿ ಡೀಸೆಲ್ ಎಷ್ಟು ಜೋರಿಲೆ ಬರತೈತಿ ಅಂದ್ರ ಸೂಜಿಗತೆ ಚರ್ಮ ತೂತು ಮಾಡಿ ಒಳಗ ಹೋಗತೈತಿ. ಹೊರಗ ಸೊಳ್ಳಿ ಕಡದಷ್ಟ ಕಾಣತೈತಿ, ಒಳಗ ಕೈಯ ಹೋಗಬಹುದು. ಹಂಗೇನರ ಆದ್ರ ಅರಿಷಿಣ ಹಚ್ಚಿ ಕೂಡ್ರಬ್ಯಾಡ್ರಿ, ಆ ಕ್ಷಣ ದೊಡ್ಡ ದವಾಖಾನಿಗೆ ಹೋಗ್ರಿ, ಡೀಸೆಲ್ ಹೊಕ್ಕೈತಿ ಅಂತ ಬಾಯಿಬಿಟ್ಟು ಹೇಳ್ರಿ. ಮಿಸ್ತ್ರಿಗಳ ಮ್ಯಾಲೆ ನನಗ ಸಿಟ್ಟಿಲ್ಲ, ಈ ಮಾತು ಹೇಳಬೇಕು. ಅವರ ವಿದ್ಯಾ ಅಲ್ಲಿಂದ ಮುಂದ ಬೇಕ ಬೇಕು. ನಮ್ಮ ಮಿಸ್ತ್ರಿ ಪಂಪು ಯಾಕ ಬಿಚ್ಚಿದ? ನಾವ ಅಂದಿವಿ, ಪಂಪ್ ಹೋಗೈತಿ, ಬಿಚ್ಚು ಅಂತ. ಅವನು ಮುಚ್ಚಳಾ ನೋಡಬೇಕಿತ್ತು, ಖರೆ. ಆದ್ರ ಡಾಕ್ಟರ್ ಹತ್ರ ಹೋಗಿ ಹೊಟ್ಟಿ ಬ್ಯಾನಿ ಅನ್ನೂದ ಬಿಟ್ಟು ಅಪೆಂಡಿಕ್ಸ್ ತಗೀರಿ ಅಂದಂಗ ಆಗಿತ್ತು ನಮ್ಮದು.

ಈ ಮಾತು ಬರದು ಕಾಗದಾ ಹರದು ಮತ್ತ ಬರಿಯಾಕತ್ತೀನಿ, ಯಾಕಂದ್ರ ಇದು ನಮ್ಮ ತವರು ಮನಿ ಸುದ್ದಿ. ನಮ್ಮ ಅಣ್ಣನ ಮಗ, ಹದಿನೇಳು ವರ್ಷ. ಎರಡು ವರ್ಷದ ಹಿಂದ ಕ್ಯಾನಿನಿಂದ ಟ್ಯಾಂಕಿಗೆ ಡೀಸೆಲ್ ಹಾಕಾಕ ನಳಿಗಿ ಇಟ್ಟು ಬಾಯಿಲೆ ಜಗ್ಗಿದ. ಎಲ್ಲಾರೂ ಹಂಗ ಮಾಡ್ತಾರ, ಅವನೂ ಮಾಡಿದ. ಒಂದು ಗುಟುಕು ಗಂಟಲಕ್ಕ ಹೋಗಿ ಕೆಮ್ಮು ಹತ್ತಿತು. ಮನ್ಯಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ರು. ಅದು ಇನ್ನೂ ಕೆಟ್ಟದಾತು. ಡೀಸೆಲ್ ಹೊಟ್ಟಿಗೆ ಹೋದಕಿಂತ ಪುಪ್ಪುಸಕ್ಕ ಹೋದ್ರ ಭಾಳ ಅಪಾಯ, ವಾಂತಿ ಮಾಡಿಸಿದ್ರ ಎರಡನೇ ಸಲ ಅದ ದಾರ್ಯಾಗ ಬಂದು ಪುಪ್ಪುಸಕ್ಕ ಇಳೀತೈತಿ ಅಂತ ಡಾಕ್ಟರ್ ಆಮ್ಯಾಲೆ ಬೈದು ಹೇಳಿದ್ರು. ಹನ್ನೊಂದು ದಿವ್ಸ ದವಾಖಾನ್ಯಾಗ ಇದ್ದ. ಉಳಕೊಂಡ, ದೇವರು ದೊಡ್ಡವ. ಈಗೂ ಥಂಡಿ ದಿವ್ಸದಾಗ ಅವನ ಕೆಮ್ಮು ಕೇಳಿದ್ರ ನಮ್ಮ ವೈನಿ ರೊಟ್ಟಿ ಬಡಿಯೋದು ನಿಲ್ಲಸ್ತಾಳ. ಬಾಯಿಲೆ ಜಗ್ಗಬ್ಯಾಡ್ರಿ, ಜಗ್ಗಾಕ ಬಿಡಬ್ಯಾಡ್ರಿ. ಕೈಲೆ ಒತ್ತೋ ಪ್ಲಾಸ್ಟಿಕ್ ಪಂಪು ಹಾರ್ಡ್‌ವೇರ್ ಅಂಗಡ್ಯಾಗ ಸಿಗತೈತಿ, ಇಲ್ಲಾಂದ್ರ ಜಾಳಗಿ ಇದ್ದ ಲಾಳಿಕಿ ಇಟ್ಟು ಕ್ಯಾನ್ ಎತ್ತಿ ಸುರವ್ರಿ. ಯಾರಿಗರ ಹಂಗ ಆದ್ರ ವಾಂತಿ ಮಾಡಿಸಬ್ಯಾಡ್ರಿ, ಆರಾಮ ಅದೀನಿ ಅಂದ್ರೂ ಕೇಳದನ ದವಾಖಾನಿಗೆ ಕರಕೊಂಡು ಹೋಗ್ರಿ.

ಕ್ಯಾನ್ ಅಂದ ಮ್ಯಾಲೆ ನೆನಪಾತು. ಡೀಸೆಲ್ ಕ್ಯಾನ್ ಇಡೋದು, ತೊಳಿಯೋದು ಹೆಚ್ಚಿನ ಮನ್ಯಾಗ ನಮ್ಮ ಪಾಲಿಗೆನ ಬಂದೈತಿ. ಕೀಲಿಕೈ ನಮ್ಮ ಕಡೆ ಇರತೈತಿ, ಬುದ್ಧಿ ಮಾತ್ರ ಗಂಡಸರು ಹೇಳ್ತಾರ. ಡೀಸೆಲ್‌ಗೆ ಒಂದು ಕ್ಯಾನ್ ಬ್ಯಾರೆನ ಇಡ್ರಿ, ತೊಳದ ನೀರು ಒಣಗದ ಕ್ಯಾನಿಗೆ ತುಂಬಿಸಬ್ಯಾಡ್ರಿ. ಜಿಂಕ್ ಹೊದಿಸಿದ ಬಕೀಟು, ಡಬ್ಬಿ ಬ್ಯಾಡ, ಡೀಸೆಲ್ ಅದರ ಕೂಡ ಸೇರಿ ಜಿಡ್ಡು ಆಗತೈತಿ. ಒಲಿ ಹತ್ರ, ದೇವರ ದೀಪದ ಹತ್ರ ಇಡಬ್ಯಾಡ್ರಿ. ತಂಪು ಪಾನೀಯದ ಬಾಟ್ಲ್ಯಾಗ ಡೀಸೆಲ್ ಇಟ್ಟು ಮಾಡದಾಗ ಇಡೋ ಮಂದಿನ ನೋಡಿದ್ರ ನನಗ ಮೈ ನಡಗತೈತಿ. ಮಕ್ಕಳಿಗೆ ಬಾಟ್ಲಿ ಗುರತು ಇರತೈತಿ, ಒಳಗಿಂದು ಗೊತ್ತಿರಂಗಿಲ್ಲ.

ನಮ್ಮ ನೆಗೆಣ್ಣಿ ಇಷ್ಟೆಲ್ಲಾ ಕೇಳಿ, "ಮದಲ ಹತ್ತು ಕೆಲಸ ಅದಾವ, ಇದೊಂದು ಹನ್ನೊಂದನೇದು ತಲಿ ಮ್ಯಾಲೆ ಹಾಕಬ್ಯಾಡ" ಅಂದ್ಲು. ಅವಳ ಮಾತಿನ್ಯಾಗ ಸತ್ಯ ಐತಿ. ದನದ ಕೆಲಸ ನಮ್ಮದು, ಕಳೇವು ನಮ್ಮದು, ಅಡಗಿ ನಮ್ಮದು, ಇನ್ನ ಟ್ರ್ಯಾಕ್ಟರಿಂದೂ ನಮ್ಮದ ಅಂದ್ರ ಗಂಡಸರು ಕಟ್ಟಿ ಮ್ಯಾಲೆ ಖಾಯಂ ಆಗಿಬಿಡ್ತಾರ. ನಾ ಅದನ್ನ ಒಪ್ಪತೀನಿ. ಆದ್ರ ಗೊತ್ತಿರೋದು ಬ್ಯಾರೆ, ಮಾಡೋದು ಬ್ಯಾರೆ. ನಮ್ಮ ಮನಿ ಹಿಂದ ಒಬ್ಬರು ಅದಾರ, ಅಕ್ಕಾ ಅಂತೀನಿ ನಾ, ಮೂರು ವರ್ಷದ ಹಿಂದ ಯಜಮಾನರು ತೀರಿಕೊಂಡ್ರು. ಆರು ಎಕರೆ, ಒಂದು ಸಣ್ಣ ಟ್ರ್ಯಾಕ್ಟರ್, ಬ್ಯಾಂಕಿನ ಕಂತು ಇನ್ನೂ ಐತಿ. ಪಗಾರದ ಡ್ರೈವರ್. ಅವನು ನೋಜಲ್ ಅಂದ್ರ ನೋಜಲ್, ಪಂಪು ಅಂದ್ರ ಪಂಪು, ಅವರು ಬಳಿ ಒತ್ತಿ ಇಟ್ಟು ರೊಕ್ಕ ತಂದು ಕೊಡ್ತಾರ. ಅವನು ಸುಳ್ಳ ಹೇಳ್ತಾನ ಅಂತಲ್ಲ, ಅವನಿಗೂ ಗೊತ್ತಿಲ್ಲ. ಆದ್ರ ಕೊಡಾವ್ರಿಗೆ ಕೇಳಾಕ ಒಂದು ಪ್ರಶ್ನಿ ಇರಬೇಕಲ್ಲ. "ಮುಚ್ಚಳಾ ಸಡ್ಲ ಮಾಡಿ ಓಡಿಸಿ ನೋಡಿದ್ಯಾ? ಫಿಲ್ಟರಿನ ನೀರು ಬಿಟ್ಯಾ? ಹೊಗಿ ಬರತೈತಾ?" ಈ ಮೂರು ಕೇಳಾಕ ಕೈ ಹೊಲಸಾಗಂಗಿಲ್ಲ. ಹೋದ ಉಗಾದಿ ಮುಂದ ಅವರಿಗೆ ಕಟ್ಟಿ ಮ್ಯಾಲೆ ಕೂಡ್ರಿಸಿ ಬಾಟ್ಲಿ ತೋರಿಸಿ ಹೇಳಿಕೊಟ್ಟೆ. ಮೊದಲ ನಕ್ಕರು, ಆಮ್ಯಾಲೆ ಎರಡು ಸಲ ಹೇಳು ಅಂದ್ರು, ಮೂರನೇ ಸಲ ತಾವ ನನಗ ಹೇಳಿದ್ರು. ಮಿರಗದಾಗ ಅವರ ಟ್ರ್ಯಾಕ್ಟರ್ ನಿಂತಾಗ ಫಿಲ್ಟರಿನ ತಳದಿಂದ ಒಂದು ಲೋಟ ನೀರು ಇಳಿಸಿ, ಏರ್ ತಗಿಸಿ ಚಾಲೂ ಮಾಡಿಸ್ಯಾರ. ಆ ಲೋಟ ನನಗ ತೋರಿಸಾಕ ಹಂಗ ಇಟ್ಟಿದ್ರು.

ನಮ್ಮ ಮನಿಯವರು ಆ ದಿವ್ಸ ಹೊಲದಾಗ ಏನೂ ಮಾತಾಡಲಿಲ್ಲ. ರಾತ್ರಿ ಊಟಾ ಮಾಡು ಮುಂದ, "ನಿನಗ ಮೊದಲ ಗೊತ್ತಿತ್ತೇನು?" ಅಂದ್ರು. ಗೊತ್ತಿರಲಿಲ್ಲ ಅಂದೆ. ಪಿಯುಸಿ ಸೈನ್ಸ್ ಓದೀನಿ, ಗಾಳಿ ಒತ್ತಡ ಅಂತ ಏನೋ ಬರದು ಪಾಸ್ ಆಗೀನಿ, ಆದ್ರ ಅವತ್ತು ನೆನಪಾಗಿದ್ದು ಪುಸ್ತಕ ಅಲ್ಲ, ಅತ್ತಿಯ ಎಣ್ಣಿ ಡಬ್ಬಿ. ಅವರು ಮತ್ತೇನೂ ಅನ್ನಲಿಲ್ಲ, ಇನ್ನೊಂದು ರೊಟ್ಟಿ ಹಾಕು ಅಂದ್ರು.

ಮೊನ್ನೆ ಸಂತಿಗೆ ಹೋದವರು ಹೊಸಾ ಮುಚ್ಚಳಾ ತಂದ್ರು. ಟ್ರ್ಯಾಕ್ಟರ್ ಕಡೆ ಹೋಗೋದು ಬಿಟ್ಟು ಸೀದಾ ಅಡಗಿ ಮನಿಗೆ ಬಂದು ನನ್ನ ಕೈಯಾಗ ಕೊಟ್ಟು ನಿಂತ್ರು. ಇನ್ನೂ ಡೀಸೆಲ್ ಹತ್ತಿರಲಿಲ್ಲ. ಸೆರಗಿಲೆ ಒರಸಿ ಒಂದ್ಸಲ ಊದಿ ನೋಡಿದೆ. ಗಾಳಿ ಹೊಕ್ಕಿತು.